ಪ್ಲೇಟಿನ ಪಾಠಾಂತರಗಳು

2008ರ ಮಾರ್ಚ್‌ನಲ್ಲಿ ಅಮೆರಿಕದ ಕೆಲವು ಧ್ವನಿ ಇತಿಹಾಸಕಾರರು ಸುಮಾರು ಹತ್ತು ಸೆಕೆಂಡಿನ ಒಂದು ಹಾಡಿನ ತುಣುಕನ್ನು ಲೋಕಕ್ಕೆ ಕೇಳಿಸಿದರು. 1860ರ ಏಪ್ರಿಲ್ 9ರಂದು ಪ್ಯಾರಿಸ್ಸಿನಲ್ಲಿ ಸ್ಕಾಟ್ ದ ಮಾರ್ಟಿನ್‌ವಿಲ್ ಎಂಬಾತ ದೀಪದ ಮಸಿ ಹಿಡಿಸಿದ ಕಾಗದದ ಮೇಲೆ ಗೆರೆಯಾಗಿ ಮೂಡಿಸಿದ್ದ ದನಿ ಅದು. ಎಡಿಸನ್ನನ ಫೋನೋಗ್ರಾಫಿಗಿಂತ 17 ವರ್ಷ ಹಿಂದಿನದು. ದನಿಯ ಆಕಾರ ಕಣ್ಣಿಗೆ ಕಂಡರೆ ಸ್ಕಾಟ್‌ಗೆ ಸಾಕಿತ್ತು, ಅದನ್ನು ಮರಳಿ ಕೇಳಿಸುವ ಯೋಚನೆಯೇ ಅವನಿಗಿರಲಿಲ್ಲ. ಒಂದೂವರೆ ಶತಮಾನದ ನಂತರ ಆ ಗೆರೆಯನ್ನು ಕಂಪ್ಯೂಟರಿನಲ್ಲಿ ಓದಿಸಿದಾಗ ಹೊರಬಂದದ್ದು ಹೆಂಗಸಿನದೋ ಹುಡುಗಿಯದೋ ಎನ್ನುವಂಥ ಸಣ್ಣ ದನಿ. ಪತ್ರಿಕೆಗಳೂ ಹಾಗೆಯೇ ಬರೆದವು. ಮರುವರ್ಷ ಅದೇ ವಿದ್ವಾಂಸರು ತಿದ್ದುಪಡಿ ಹೊರಡಿಸಿದರು: ಗೆರೆಯನ್ನು ದುಪ್ಪಟ್ಟು ವೇಗದಲ್ಲಿ ಓದಿಸಲಾಗಿತ್ತು. ಸ್ಕಾಟ್ ಹಾಡಿನ ಪಕ್ಕದಲ್ಲೇ ಒಂದು ಶ್ರುತಿಕವೆಯ ಕಂಪನವನ್ನೂ ಮೂಡಿಸಿದ್ದ. ಅಂದಿನ ಫ್ರೆಂಚರು ಅತ್ತ ಹೋಗುವುದನ್ನು ಒಂದು, ಇತ್ತ ಬರುವುದನ್ನು ಇನ್ನೊಂದು ಎಂದು ಎಣಿಸುತ್ತಿದ್ದರು. ಇಂದಿನವರು ಎರಡನ್ನೂ ಸೇರಿಸಿ ಒಂದು ಕಂಪನ ಎನ್ನುತ್ತಾರೆ. ಈ ಲೆಕ್ಕ ಸರಿಪಡಿಸಿದ್ದೇ ಹುಡುಗಿ ಮಾಯವಾಗಿ ನಿಧಾನವಾಗಿ ಹಾಡುವ ಗಂಡಸೊಬ್ಬ ಕೇಳಿಸಿದ, ಬಹುಮಟ್ಟಿಗೆ ಸ್ಕಾಟನೇ. ಕಾಗದದ ಮೇಲಿನ ಗೆರೆ ಮಾತ್ರ ಎರಡು ಸಲವೂ ಅದೇ ಗೆರೆ.

ಇದನ್ನು ದೂರದ ಪ್ಯಾರಿಸ್ಸಿನ ಸೋಜಿಗ ಎಂದು ಬದಿಗಿಡುವಂತಿಲ್ಲ. ನಮ್ಮಲ್ಲೂ ಹಳೆಯ ಗ್ರಾಮಫೋನ್ ಪ್ಲೇಟುಗಳು ಒಂದೊಂದಾಗಿ ಡಿಜಿಟಲ್‌ಗೆ ಇಳಿಯುತ್ತಿವೆ. ಟರ್ನ್‌ಟೇಬಲ್‌ನಿಂದ ಒಂದು ತಂತಿ ಎಳೆದು ಕಂಪ್ಯೂಟರಿಗೆ ಸಿಕ್ಕಿಸಿದರೆ ಮೂರೇ ನಿಮಿಷದಲ್ಲಿ ಹಾಡು ಫೈಲಾಗುತ್ತದೆ, ಸಂಜೆಯೊಳಗೆ ಅಂತರ್ಜಾಲಕ್ಕೂ ಏರುತ್ತದೆ. ಇದನ್ನು ನಕಲು ತೆಗೆಯುವ ಕೆಲಸವೆಂದೇ ಎಲ್ಲರೂ ಎಣಿಸಿದ್ದಾರೆ. ನನ್ನ ಪ್ರಕಾರ ಇದು ಗ್ರಂಥಸಂಪಾದನೆಯ ಜಾತಿಗೆ ಸೇರಿದ ಕೆಲಸ. ಓಲೆಗರಿಯಿಂದ ಹಳಗನ್ನಡ ಕಾವ್ಯವನ್ನು ಅಚ್ಚಿಗೆ ತಂದ ನಮ್ಮ ಹಿರಿಯ ಪಂಡಿತರು ಲಿಪಿಕಾರನ ಕೈದೋಷ ಯಾವುದು, ಕವಿಯ ಮಾತು ಯಾವುದು ಎಂದು ತೂಗಿ, ತಾವು ಒಪ್ಪದ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುತ್ತಿದ್ದರು. ಪ್ಲೇಟಿನ ಎದುರು ಕೂತವನೂ ವೇಗ, ಮುಳ್ಳು, ಸ್ವರಗಳ ಏರಿಳಿತ ಸರಿದೂಗಿಸುವ ಬಗೆ, ನಡುವಿನ ತೂತಿನ ಓರೆ ಇವುಗಳ ವಿಚಾರದಲ್ಲಿ ಹೆಜ್ಜೆ ಹೆಜ್ಜೆಗೂ ತೀರ್ಮಾನ ಮಾಡುತ್ತಿರುತ್ತಾನೆ. ವ್ಯತ್ಯಾಸವೆಂದರೆ ಪಂಡಿತನಿಗೆ ತಾನು ತೀರ್ಮಾನ ಮಾಡುತ್ತಿದ್ದೇನೆಂದು ಗೊತ್ತಿತ್ತು, ಇವನಿಗೆ ಬಹಳ ಸಲ ಗೊತ್ತಿರುವುದಿಲ್ಲ. ಅದರಲ್ಲೂ ನಮ್ಮ ಸಂಗೀತದ ಪ್ಲೇಟುಗಳಲ್ಲಿ ಈ ಅಪಾಯ ಪಾಶ್ಚಾತ್ಯ ಸಂಗೀತಕ್ಕಿಂತ ಒಂದು ಪಾಲು ಹೆಚ್ಚು.

ಕಾರಣ ಅರಿಯಲು ಪ್ಲೇಟು ಹುಟ್ಟಿದ ಬಗೆಯನ್ನು ನೋಡಬೇಕು. ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದದ್ದು 1902ರಲ್ಲಿ. ಆ ವರ್ಷದ ನವೆಂಬರಿನಲ್ಲಿ ಗೌಹರ್ ಜಾನ್ ಸೇರಿದಂತೆ ಹಲವರ ಹಾಡು ಮುದ್ರಣವಾಯಿತು. ಮೈಕ್ ಇಲ್ಲ, ವಿದ್ಯುತ್ ಇಲ್ಲ. ಗಾಯಕಿ ಒಂದು ತುತ್ತೂರಿಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ತುತ್ತೂರಿಯ ತುದಿಯ ಪೊರೆ ನಡುಗಿ, ಅದಕ್ಕಂಟಿದ ಮೊನೆ ತಿರುಗುವ ಮೇಣದ ಬಿಲ್ಲೆಯಲ್ಲಿ ಗೆರೆ ಕೊರೆಯುತ್ತದೆ. ಬಿಲ್ಲೆಯನ್ನು ತಿರುಗಿಸುತ್ತಿದ್ದದ್ದು ಇಳಿಬಿಟ್ಟ ತೂಕದ ಬಲ. ಕೊರೆದ ಮೇಣ ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಅಚ್ಚಾಗಿ, ಪ್ಲೇಟುಗಳಾಗಿ ಇಲ್ಲಿಗೆ ಮರಳಬೇಕಿತ್ತು. ಹಾಡಿನ ಕೊನೆಯಲ್ಲಿ ಗಾಯಕಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವ ರೂಢಿ ಬೆಳೆದದ್ದು ಇದರಿಂದಲೇ ಎನ್ನುತ್ತಾರೆ: ಭಾಷೆ ತಿಳಿಯದ ಜರ್ಮನ್ ಕೆಲಸಗಾರರಿಗೆ ಯಾರ ಹಾಡೆಂದು ಗುರುತು ಸಿಗಬೇಕಲ್ಲ! 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದ ಮೇಲೆ ಈ ಸಾಗಾಟ ತಪ್ಪಿತು. 1920ರ ದಶಕದ ಕೊನೆಗೆ ಅದು ದಮ್‌ದಮ್‌ಗೆ ದೊಡ್ಡದಾಗಿ ಬೆಳೆಯಿತು. ಪ್ಲೇಟಿನ ಮೈಗೆ ಬೇಕಾದ ಅರಗು ಮಾತ್ರ ಮೊದಲಿನಿಂದಲೂ ನಮ್ಮ ಕಾಡಿನದೇ. ಜಗತ್ತಿನ ಪ್ಲೇಟು ಕಾರ್ಖಾನೆಗಳೆಲ್ಲ ಭಾರತದ ಅರಗಿನ ಮೇಲೆಯೇ ನಿಂತಿದ್ದವು.

ತೂಕ ಇಳಿಬಿಟ್ಟು ತಿರುಗಿಸುವ ಯಂತ್ರ ನಿಮಿಷಕ್ಕೆ ಎಷ್ಟು ಸುತ್ತು ಹಾಕಬೇಕು ಎಂಬುದಕ್ಕೆ ಆ ಕಾಲದಲ್ಲಿ ಕಟ್ಟುನಿಟ್ಟಿನ ಕಾನೂನಿರಲಿಲ್ಲ. ನಾವು ಎಲ್ಲವನ್ನೂ ಎಪ್ಪತ್ತೆಂಟರ ಪ್ಲೇಟು ಎಂದು ಕರೆಯುತ್ತೇವೆ. ಆದರೆ 78 ಎಂಬ ಸಂಖ್ಯೆ ಗಟ್ಟಿಯಾದದ್ದು 1925ರ ನಂತರ, ವಿದ್ಯುತ್ ಮುದ್ರಣ ಮತ್ತು ವಿದ್ಯುತ್ ಮೋಟಾರುಗಳ ಕಾಲದಲ್ಲಿ. ಆಗಲೂ 60 ಹರ್ಟ್ಜ್ ವಿದ್ಯುತ್ತಿನ ಅಮೆರಿಕದಲ್ಲಿ ಅದು 78.26, 50 ಹರ್ಟ್ಜ್‌ನ ನಾಡುಗಳಲ್ಲಿ 77.92. ಅದಕ್ಕೂ ಹಿಂದಿನ ಪ್ಲೇಟುಗಳಲ್ಲಿ ಎಪ್ಪತ್ತರಿಂದ ಎಂಬತ್ತರ ಆಚೆಯವರೆಗೆ ಎಲ್ಲ ವೇಗಗಳೂ ಸಿಗುತ್ತವೆ. ವೇಗ ಸುಮಾರು 6 ಪ್ರತಿಶತ ಹೆಚ್ಚಿದರೆ ದನಿ ಒಂದು ಅರ್ಧಸ್ವರ ಮೇಲೇರುತ್ತದೆ. 74ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಏರಿಕೆ: ಬಿಳಿ ಒಂದರಲ್ಲಿ ಹಾಡಿದವನು ಕರಿ ಒಂದರಲ್ಲಿ ಹಾಡಿದಂತೆ ಕೇಳಿಸುತ್ತಾನೆ, ಲಯವೂ ತಾನಗಳೂ ಚುರುಕಾಗುತ್ತವೆ, ಕಂಠ ತುಸು ಎಳೆಯದಾಗುತ್ತದೆ. ರಾಗಕ್ಕೆ ಮಾತ್ರ ಕೂದಲು ಕೊಂಕುವುದಿಲ್ಲ. ಷಡ್ಜ ಏರಿದಷ್ಟೇ ಪಂಚಮವೂ ಏರಿತು, ತಂಬೂರಿಯೂ ಏರಿತು, ಪಿಟೀಲೂ ಏರಿತು. ತೋಡಿ ತೋಡಿಯಾಗಿಯೇ ಉಳಿಯಿತು. ನಮ್ಮ ಸಂಗೀತದಲ್ಲಿ ಶ್ರುತಿ ಹಾಡುವವರ ಇಷ್ಟಕ್ಕೆ ಬಿಟ್ಟದ್ದು. ಹಾಗಾಗಿ ಎಷ್ಟೇ ಪಳಗಿದ ಕಿವಿಯಾದರೂ ಸಂಗೀತವನ್ನಷ್ಟೇ ಕೇಳಿ ವೇಗ ತಪ್ಪಿದೆ ಎಂದು ಹಿಡಿಯಲಾರದು.

ಮೈಸೂರಿನ ಸುತ್ತ ಹೆಣೆದುಕೊಂಡ ಎರಡು ಉದಾಹರಣೆಗಳನ್ನು ಎದುರುಬದುರು ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಜಯಚಾಮರಾಜ ಒಡೆಯರ್ ಅವರು 1940ರ ದಶಕದ ಕೊನೆಯಲ್ಲಿ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಮುದ್ರಣಕ್ಕೆ ಹಣ ಕೊಟ್ಟರು. ಮೆಟ್ನರ್ ಆಗ ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳ ನಡುವೆ ದಿನ ತಳ್ಳುತ್ತಿದ್ದ ಮುದುಕರು. ಮೆಟ್ನರ್ ಸೊಸೈಟಿಯ ಹೆಸರಿನಲ್ಲಿ ಎಚ್‌ಎಂವಿ ಆ ಪ್ಲೇಟುಗಳನ್ನು ಹೊರತಂದಿತು. ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರು ಮಹಾರಾಜರಿಗೇ ಅರ್ಪಿಸಿದರು. ಈ ಪ್ಲೇಟುಗಳನ್ನು ಇವತ್ತು ಡಿಜಿಟಲ್‌ಗೆ ಇಳಿಸುವವನಿಗೆ ವೇಗದ ಚಿಂತೆ ಅಷ್ಟಾಗಿ ಇಲ್ಲ. ಕೃತಿ ಯಾವ ಮನೆಯಲ್ಲಿದೆ ಎಂದು ಅಚ್ಚಾದ ಸ್ವರಲಿಪಿ ಹೇಳುತ್ತದೆ, ಪಿಯಾನೊದ ಶ್ರುತಿ ಹೆಚ್ಚುಕಡಿಮೆ ಗೊತ್ತಿದ್ದದ್ದೇ, ಎರಡನ್ನೂ ತಾಳೆ ನೋಡಿದರೆ ಮುಗಿಯಿತು. ಇನ್ನೊಂದು ಕಡೆ ಗೌಹರ್ ಜಾನ್. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆಕೆ ನೂರಾರು ಹಾಡುಗಳನ್ನು ಪ್ಲೇಟಿಗೆ ಕೊಟ್ಟಿದ್ದರು, ಬಹುಪಾಲು ತುತ್ತೂರಿಯ ಕಾಲದಲ್ಲೇ. ಅವಕ್ಕೆ ಸ್ವರಲಿಪಿಯ ಪುಸ್ತಕವಿಲ್ಲ, ಯಾವ ಶ್ರುತಿಯಲ್ಲಿ ಹಾಡಿದರೆಂಬ ಬರಹವಿಲ್ಲ. ಒಂದೇ ಅರಮನೆಯ ನಂಟಿನ ಇಬ್ಬರಲ್ಲಿ ಒಬ್ಬರ ಶ್ರುತಿಗೆ ದಾಖಲೆಯ ಕಾವಲಿದೆ, ಇನ್ನೊಬ್ಬರದು ಟರ್ನ್‌ಟೇಬಲ್‌ನ ಗುಂಡಿ ತಿರುಗಿಸುವವನ ಕೈಯಲ್ಲಿದೆ.

ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. ಎಷ್ಟೋ ಪ್ಲೇಟುಗಳಲ್ಲಿ ಹಾರ್ಮೋನಿಯಂ ಇದೆ, ಹಾರ್ಮೋನಿಯಂನ ರೀಡು ಗಾಯಕಿಯ ಇಷ್ಟಕ್ಕೆ ಬಾಗುವುದಿಲ್ಲ. ಪಾಶ್ಚಾತ್ಯ ವಿದ್ವಾಂಸರು ನಮ್ಮ ರಾಗಕ್ಕೆ ಒಗ್ಗದ್ದು ಎಂದು ಬೈದ ಆ ವಾದ್ಯದ ಜಡತನವೇ ಇಲ್ಲಿ ಇತಿಹಾಸಕಾರನಿಗೆ ವರ! ಅದರ ಷಡ್ಜ ಯಾವುದಾದರೊಂದು ಕೀಲಿಯ ಮೇಲೆ ಕೂರಲೇಬೇಕು. ಕೂರುವ ವೇಗಗಳು ಕೆಲವೇ. ಅವುಗಳಲ್ಲಿ ಕಂಠಕ್ಕೂ ಲಯಕ್ಕೂ ಒಗ್ಗುವುದು ಒಂದೋ ಎರಡೋ. ಕೊನೆಯಲ್ಲಿ ಹೆಸರು ಹೇಳುವ ಮಾತಿನ ಧಾಟಿಯೂ ನೆರವಾಗುತ್ತದೆ, ಏಕೆಂದರೆ ಮನುಷ್ಯರು ಆಡುವ ಮಾತು ತುಸು ಬೇಗವಾದರೂ ಕಿವಿಗೆ ಕಟಕಟ ಎನ್ನುತ್ತದೆ. ಪ್ಲೇಟಿನ ನಡುವೆ ಲೇಬಲ್ ಪಕ್ಕದಲ್ಲಿ ಕೆತ್ತಿದ ಮ್ಯಾಟ್ರಿಕ್ಸ್ ಸಂಖ್ಯೆಗಳು ಇನ್ನೊಂದು ಸಾಕ್ಷಿ. ಒಂದೇ ದಿನ, ಒಂದರ ಹಿಂದೊಂದು ಸಂಖ್ಯೆಯಲ್ಲಿ ಮುದ್ರಣವಾದ ನಾಲ್ಕು ಹಾಡುಗಳನ್ನು ಒಟ್ಟಿಗಿಟ್ಟು ನೋಡಿದರೆ ಗಾಯಕಿ ಶ್ರುತಿ ಬದಲಿಸಿದಳೋ ಯಂತ್ರ ಬದಲಿಸಿತೋ ಎಂಬುದು ಊಹೆಗೆ ನಿಲುಕುತ್ತದೆ. ಆದರೆ ಇಷ್ಟೆಲ್ಲ ತೂಗಿದ ಮೇಲೂ ಸಿಗುವುದು ಸಂಪಾದಕನ ನಿರ್ಣಯವೇ, ಪ್ಲೇಟಿನ ಮೇಲೆ ಬರೆದಿಟ್ಟ ಸತ್ಯವಲ್ಲ.

ಮುಳ್ಳಿನ ವಿಚಾರ ಇನ್ನೂ ಹತ್ತಿರದಿಂದ ನೋಡುವಂಥದ್ದು. ಅರಗಿನ ಪ್ಲೇಟಿನ ಗೆರೆ ಅಗಲ. 1948ರಲ್ಲಿ ಬಂದ ವಿನೈಲ್ ಎಲ್‌ಪಿಯದು ಅದರ ಮೂರನೆಯ ಒಂದು ಪಾಲು. ಎಲ್‌ಪಿಗೆಂದು ಮಾಡಿದ 18 ಅಥವಾ 25 ಮೈಕ್ರಾನ್ ಮೊನೆಯ ಮುಳ್ಳನ್ನು ಅರಗಿನ ಗೆರೆಗಿಳಿಸಿದರೆ ಅದು ಗೋಡೆಗಳನ್ನು ಮುಟ್ಟದೆ ತಳದ ಕಸದಲ್ಲಿ ಹೊರಳಾಡುತ್ತದೆ. ಕೇಳುವುದು ಬರೀ ಗರಗರ. ಇದಕ್ಕೆ ಬೇಕಾದದ್ದು ಸುಮಾರು 75 ಮೈಕ್ರಾನಿನದು. ಅಲ್ಲಿಗೂ ಮುಗಿಯಲಿಲ್ಲ. ಕೀಲಿ ಕೊಡುವ ಗ್ರಾಮಫೋನಿನ ಸೌಂಡ್‌ಬಾಕ್ಸು ನೂರು ಗ್ರಾಮಿಗೂ ಮೀರಿದ ಭಾರವನ್ನು ಉಕ್ಕಿನ ಮುಳ್ಳಿನ ಮೇಲೆ ಹೇರುತ್ತಿತ್ತು. ಇಂದಿನ ಕಾರ್ಟ್ರಿಡ್ಜ್ ಹೇರುವುದು ನಾಲ್ಕೈದು ಗ್ರಾಂ. ಪ್ಲೇಟಿನ ಅರಗಿಗೆ ಕಲ್ಲುಪುಡಿ ಬೆರೆಸುತ್ತಿದ್ದುದರಿಂದ ಮುಳ್ಳೇ ಸವೆದು ಗೆರೆಗೆ ಹೊಂದಿಕೊಳ್ಳುತ್ತಿತ್ತು, ಅದಕ್ಕೇ ಪ್ರತಿ ಹಾಡಿಗೂ ಹೊಸ ಮುಳ್ಳು. ಹೊಸ ಮುಳ್ಳು ಹಾಕಲು ಜಿಪುಣತನ ಮಾಡಿದ ಮನೆಯ ಪ್ಲೇಟು ಇವತ್ತಿಗೂ ಗುರುತು ಸಿಗುತ್ತದೆ: ಗೋಡೆಯ ಒಂದು ಮಟ್ಟದಲ್ಲಿ ಬೂದುಬಣ್ಣದ ಸವಕಲು, ಅದರ ಮೇಲೆ ಕೆಳಗೆ ಇನ್ನೂ ಕಪ್ಪು ಮಿಂಚು. ಸರಿಯಾದ ಗಾತ್ರದ ಮೊನೆ ಆ ಸವೆಯದ ಪಟ್ಟಿಯ ಮೇಲೆ ಕೂತರೆ ಹಾಡು ತೆರೆದುಕೊಳ್ಳುತ್ತದೆ. ಯಾವ ಗಾತ್ರ ಎಂದು ಮೊದಲೇ ಹೇಳಲಾಗದು, ಕೂರಿಸಿ ಕೇಳಬೇಕು. ಅಮೆರಿಕದ ಇಂಟರ್ನೆಟ್ ಆರ್ಕೈವ್‌ನವರು ತಮ್ಮ 78ರ ಪ್ಲೇಟುಗಳ ಯೋಜನೆಯಲ್ಲಿ ನಾಲ್ಕು ಕೈಗಳ ಟರ್ನ್‌ಟೇಬಲ್ ಬಳಸಿ, ನಾಲ್ಕು ಗಾತ್ರದ ಮುಳ್ಳುಗಳಿಂದ ಒಂದೇ ಓಟದಲ್ಲಿ ನಾಲ್ಕು ಪ್ರತಿ ತೆಗೆದರು. ಯಾವುದು ಉತ್ತಮವೆಂದು ಒಂದನ್ನು ಮುಂದಿಟ್ಟರೂ ಉಳಿದ ಮೂರನ್ನು ಬಿಸಾಡಲಿಲ್ಲ. ಪಾಠಾಂತರಗಳನ್ನು ಉಳಿಸುವುದೆಂದರೆ ಇದೇ.

ಮೂರನೆಯ ತೀರ್ಮಾನ ಬಹಳ ಜನರಿಗೆ ತಿಳಿಯದೆಯೇ ನಡೆದುಹೋಗುತ್ತದೆ. ಗೆರೆ ಕೊರೆಯುವಾಗ ತಗ್ಗುಸ್ವರಗಳನ್ನು ಕುಗ್ಗಿಸಿ, ನುಡಿಸುವಾಗ ಮತ್ತೆ ಹಿಗ್ಗಿಸುವುದು ವಿದ್ಯುತ್ ಮುದ್ರಣದ ಪದ್ಧತಿ. ಎಲ್‌ಪಿ ಕಾಲದಲ್ಲಿ ಮೇಲಿನ ಸ್ವರಗಳಿಗೆ ಇದರ ತದ್ವಿರುದ್ಧ ಉಪಚಾರವೂ ಸೇರಿತು. ಎಷ್ಟು ಕುಗ್ಗಿಸಬೇಕು, ಹಿಗ್ಗಿಸಬೇಕು ಎಂದು ಕಂಪನಿಗಳೆಲ್ಲ ಆರ್‌ಐಎಎ ಎಂಬ ಒಂದೇ ಅಳತೆಗೆ ಒಪ್ಪಿದ್ದು 1954ರಲ್ಲಿ. ಇಂದು ಅಂಗಡಿಯಲ್ಲಿ ಸಿಗುವ ಬಹುಪಾಲು ಪ್ರಿಆಂಪ್‌ಗಳು ಆ ಅಳತೆಯೊಂದನ್ನೇ ಬಲ್ಲವು. ಅದರ ಮೂಲಕ 1930ರ ದಶಕದ ಪ್ಲೇಟನ್ನು ಹಾಯಿಸಿದರೆ, ಎಂದೂ ಹಿಗ್ಗಿಸದಿದ್ದ ಮೇಲುಸ್ವರವನ್ನು 10,000 ಹರ್ಟ್ಜ್‌ನಲ್ಲಿ ಸುಮಾರು 14 ಡೆಸಿಬೆಲ್‌ನಷ್ಟು ತುಳಿದುಹಾಕುತ್ತದೆ. ಆಮೇಲೆ ನಾವು ಹಳೆಯ ಪ್ಲೇಟಿನ ದನಿಯೇ ಮಂಕು ಎನ್ನುತ್ತೇವೆ! 78ರ ವೇಗವಿಲ್ಲದ ಟರ್ನ್‌ಟೇಬಲ್‌ನಲ್ಲಿ 45ಕ್ಕೆ ತಿರುಗಿಸಿ, ಕಂಪ್ಯೂಟರಿನಲ್ಲಿ ವೇಗ ಹೆಚ್ಚಿಸುವ ಉಪಾಯವೂ ರೂಢಿಯಲ್ಲಿದೆ. ಲೆಕ್ಕ ಸರಿಯೇ. ಆದರೆ 1000 ಹರ್ಟ್ಜ್‌ನ ಸ್ವರ ಆಗ ಪ್ರಿಆಂಪ್ ದಾಟುವುದು 577 ಹರ್ಟ್ಜ್ ಆಗಿ. ತಪ್ಪು ಜಾಗದಲ್ಲಿ ಬಿದ್ದ ಹಿಗ್ಗು ಕುಗ್ಗುಗಳನ್ನು ಬಿಡಿಸುವುದು ಆಮೇಲಿನ ತಲೆನೋವು.

ಇನ್ನು ನಡುವಿನ ತೂತು. ಅದು ಒಂದು ಮಿಲಿಮೀಟರ್ ಓರೆಯಾಗಿದ್ದರೆ, ಕೇಂದ್ರದಿಂದ ಹತ್ತು ಸೆಂಟಿಮೀಟರ್ ದೂರದ ಗೆರೆಯಲ್ಲಿ ಸ್ವರ ಒಂದು ಪ್ರತಿಶತ ಮೇಲೆ, ಒಂದು ಪ್ರತಿಶತ ಕೆಳಗೆ ತೂಗಾಡುತ್ತದೆ, ಸೆಕೆಂಡಿಗೆ 1.3 ಸಲ. ಹಾಡು ಒಳಕ್ಕೆ ಸರಿದಂತೆ ತೂಗಾಟ ಇಮ್ಮಡಿಯಾಗುತ್ತದೆ. ಪಿಯಾನೊ ಕೇಳುವವನಿಗೆ ಇದು ತಕ್ಷಣ ಕಿರಿಕಿರಿ. ಗಮಕಕ್ಕೆ ಒಗ್ಗಿದ ಕಿವಿಗೆ ಇದು ಗಾಯಕನ ಆಂದೋಲನವೆಂದೇ ಭಾಸವಾಗಬಹುದು. ನಮ್ಮ ಶಾಸ್ತ್ರಗ್ರಂಥಗಳ 22 ಶ್ರುತಿಗಳ ಲೆಕ್ಕದಲ್ಲಿ ಪ್ರಮಾಣ ಶ್ರುತಿಯ ಅಂತರ 81ಕ್ಕೆ 80, ಅಂದರೆ 1.25 ಪ್ರತಿಶತ. ಓರೆ ತೂತಿನ ಒಟ್ಟು ತೂಗಾಟ ಅದಕ್ಕಿಂತ ದೊಡ್ಡದು. ಹಳೆಯ ಪ್ಲೇಟುಗಳ ಡಿಜಿಟಲ್ ಪ್ರತಿಯಿಂದ ಹಿಂದಿನವರ ಗಾಂಧಾರ ಎಷ್ಟು ತಗ್ಗಿತ್ತು ಎಂದು ಅಳೆಯಹೊರಟವರು ಮೊದಲು ತಂಬೂರಿಯ ಷಡ್ಜ ಅಲುಗದೆ ನಿಂತಿದೆಯೇ ನೋಡಿಕೊಳ್ಳಲಿ. ಷಡ್ಜವೇ ತೂಗುತ್ತಿದ್ದರೆ ಅಳತೆಗೆ ಸಿಕ್ಕಿದ್ದು ಗಾಯಕನ ವಿದ್ಯೆಯಲ್ಲ, ದಮ್‌ದಮ್ ಕಾರ್ಖಾನೆಯ ತೂತು ಕೊರೆಯುವ ಯಂತ್ರ. ಪರಿಹಾರ ಸುಲಭ: ನಡುವಿನ ಗೂಟ ತೆಗೆದು, ಪ್ಲೇಟನ್ನು ಕೈಯಿಂದ ಸರಿಸುತ್ತ ಮುಳ್ಳಿನ ಕೈ ಓಲಾಡದ ಜಾಗ ಹುಡುಕಬೇಕು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಒಂದಿದೆ. ಆ ಕಾಲದ ಕೇಳುಗರೇ ಕೀಲಿ ಕೊಟ್ಟು, ವೇಗದ ತಿರುಪನ್ನು ಕಿವಿಗೆ ಹಿತವಾದಲ್ಲಿಗೆ ತಿರುಗಿಸಿ ಕೇಳುತ್ತಿದ್ದರು. ಸ್ಪ್ರಿಂಗ್ ಸಡಿಲವಾದಂತೆ ಹಾಡು ಕೊನೆಯಲ್ಲಿ ಎಳೆಯುತ್ತಿತ್ತು. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ಮನೆ ಬಿಟ್ಟು ಹೊರಟದ್ದು ಎಲ್ಲರಿಗೂ ಗೊತ್ತು. ಆ ಪ್ಲೇಟು ಯಾವ ವೇಗದಲ್ಲಿ ತಿರುಗುತ್ತಿತ್ತೆಂದು ಯಾರೂ ಅಳೆದಿರಲಿಲ್ಲ, ಅಳೆಯಬೇಕಾಗಿಯೂ ಇರಲಿಲ್ಲ. ಹಾಗಿರುವಾಗ ಶುದ್ಧ ಪಾಠವೆಂಬ ಹಟ ಯಾಕೆ? ಮಾತು ನಿಜ. ಒಂದೇ ಶುದ್ಧ ಪಾಠ ಇತ್ತೆಂದು ನಾನೂ ಹೇಳುತ್ತಿಲ್ಲ. ಆದರೆ ಅಂದಿನ ಕೇಳುಗನ ಮುಂದೆ ಪ್ಲೇಟು ಇತ್ತು, ತಿರುಪು ಇತ್ತು, ನಾಳೆ ಬೇರೆ ವೇಗದಲ್ಲಿ ಕೇಳುವ ಸ್ವಾತಂತ್ರ್ಯವಿತ್ತು. ಡಿಜಿಟಲ್ ಫೈಲಿನಲ್ಲಿ ಯಾರೋ ಒಬ್ಬರ ಒಂದು ದಿನದ ಆಯ್ಕೆ ಗಡ್ಡೆಕಟ್ಟಿ ಕೂತಿರುತ್ತದೆ. ಅದೇ ಎಲ್ಲೆಡೆ ಹರಡಿ, ನಾಳೆ ಅದನ್ನು ಕೇಳಿಯೇ ಆ ಗಾಯಕಿ ಇಂಥ ಶ್ರುತಿಯವಳು, ಇಂಥ ವೇಗದವಳು ಎಂದು ಪುಸ್ತಕದಲ್ಲಿ ಬರೆಯಲಾಗುತ್ತದೆ. ಪ್ಲೇಟಿನಿಂದ ಎಲ್‌ಪಿಗೆ, ಅಲ್ಲಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಸೀಡಿಗೆ ಇಳಿದ ಹಾಡುಗಳಲ್ಲಂತೂ ಮೂರು ನಾಲ್ಕು ಕೈಗಳ ತೀರ್ಮಾನ ಒಂದರ ಮೇಲೊಂದು ಕೂತಿರುತ್ತದೆ.

ಇನ್ನೊಂದು ಆಕ್ಷೇಪ ಖರ್ಚಿನದು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ, ಅಂದರೆ ಐಎಎಸ್‌ಎ, 24 ಬಿಟ್‌ನಲ್ಲಿ, ಸೆಕೆಂಡಿಗೆ 96,000 ಮಾದರಿಗಳಂತೆ ಇಳಿಸಿ ಎನ್ನುತ್ತದೆ. ತುತ್ತೂರಿ ಕಾಲದ ಪ್ಲೇಟಿನಲ್ಲಿ ಎರಡೂವರೆ ಸಾವಿರ ಹರ್ಟ್ಜ್ ಆಚೆಗೆ ಹಾಡಿನದೇನೂ ಹೆಚ್ಚಾಗಿ ಉಳಿದಿಲ್ಲ; ಅದಕ್ಕೇಕೆ ಇಷ್ಟು ದೊಡ್ಡ ಪಾತ್ರೆ? ಹಾಡಿಗೆ ಬೇಡ, ಗೀರಿಗೆ ಬೇಕು. ಗೀರಿನ ಟಿಕ್ ಸದ್ದು ಬಹಳ ಚೂಪು. ಅದು ಚೂಪಾಗಿಯೇ ದಾಖಲಾದರೆ ತಂತ್ರಾಂಶ ಅದನ್ನು ಹಾಡಿನಿಂದ ಬೇರೆಯಾಗಿ ಗುರುತಿಸಿ ತೆಗೆಯಬಲ್ಲದು, ಮೊಂಡಾಗಿ ದಾಖಲಾದರೆ ಹಾಡಿನೊಳಗೆ ಕರಗಿಹೋಗುತ್ತದೆ. ಹಾಗೆ ತೆಗೆಯುವುದಕ್ಕೂ ಮಿತಿ ಬೇಕು. ಒಂದೇ ಸಮನೆ ಇರುವುದನ್ನೆಲ್ಲ ಗದ್ದಲವೆಂದು ಬಗೆಯುವ ತಂತ್ರಾಂಶ ಸುರ್ರೆನ್ನುವ ಸದ್ದಿನ ಜೊತೆ ತಂಬೂರಿಯನ್ನೂ ಗುಡಿಸಿ ಹಾಕಬಹುದು. ಸ್ವಚ್ಛ ಪ್ರತಿ ಕೇಳುವವರಿಗೆ ಇರಲಿ. ತಿದ್ದದ ಪ್ರತಿ ಅದರ ಪಕ್ಕದಲ್ಲೇ ಇರಬೇಕು. ಕಾನೂನಿನ ತೊಡಕೂ ಇಲ್ಲಿ ಕಡಿಮೆ: ಭಾರತದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಮಾತ್ರ, ಅರಗಿನ ಪ್ಲೇಟುಗಳಲ್ಲಿ ಬಹುಪಾಲು ಅದನ್ನು ದಾಟಿವೆ.

ಇಷ್ಟು ಸೂಕ್ಷ್ಮದಿಂದ ಆಗುವ ಲಾಭವೇನು ಎನ್ನುವವರು ಗಂಗೂಬಾಯಿ ಹಾನಗಲ್ ಅವರ ಕಂಠದ ಇತಿಹಾಸ ಬರೆಯಲು ಕೂತು ನೋಡಲಿ. 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದ ಯುವತಿಯ ದನಿ ಸಣ್ಣದು, ಎತ್ತರದ್ದು. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯೆಂದು ಹೆಸರಾದ ಗಂಭೀರ ಕಂಠವಾಯಿತು. ಬದಲಾವಣೆ ಆದದ್ದು ನಿಶ್ಚಯ, ಕಿವಿಗೇ ಕಾಣುತ್ತದೆ. ಎಷ್ಟು ಸ್ವರ ಇಳಿಯಿತು ಎಂಬುದಕ್ಕೆ ಮಾತ್ರ ಆ ಪ್ಲೇಟುಗಳೇ ಸಾಕ್ಷಿ. ಅವು ವಿದ್ಯುತ್ ಮುದ್ರಣದ ಕಾಲದವು, ವೇಗ 78ರಿಂದ ಬಹಳ ದೂರ ಹೋಗಿರಲಾರದು. ಆದರೂ ಅಂತರ್ಜಾಲದಲ್ಲಿ ಓಡಾಡುವ ಪ್ರತಿಗಳ ಜೊತೆ ಯಾವ ವೇಗ, ಯಾವ ಮುಳ್ಳು, ಯಾವ ಅಳತೆ ಎಂದು ಬರೆದವರು ಕಡಿಮೆ. ಆ ನಾಲ್ಕು ಸಾಲಿನ ಟಿಪ್ಪಣಿ ಇಲ್ಲದ ಪ್ರತಿಯನ್ನು ಇಟ್ಟುಕೊಂಡು ಅರ್ಧಸ್ವರದ ಲೆಕ್ಕ ಹೇಳಲಾಗದು. ಮೂಲ ಪ್ಲೇಟುಗಳು ಸಂಗ್ರಾಹಕರ ಬೀರುಗಳಲ್ಲಿ ಇನ್ನೂ ಇರುವಾಗಲೇ ಅವನ್ನು ಮತ್ತೊಮ್ಮೆ, ಟಿಪ್ಪಣಿ ಸಮೇತ ಇಳಿಸಬೇಕು. ಹಾರ್ಮೋನಿಯಂ ಚೆನ್ನಾಗಿ ಕೇಳುವ ಪ್ಲೇಟುಗಳಿಂದ ಶುರುಮಾಡಿದರೆ ಕೆಲಸ ಹಗುರ.